ದೇವರಮನೆ ಗುಡ್ಡದಲ್ಲಿ ದೊಡ್ಡಮ್ಮನ ಡಬ್ಬಿ

ನಾನು ಒಂದು ದಿನ ಮನೆಗೆ ಬಾರದೆ ಹೋದರೆ ನನ್ನ ಹೆಂಡತಿ ವಿಶಾಲಾಕ್ಷಿ ಪೊಲೀಸರಿಗೆ ಬರೆದುಕೊಡುವ ದೂರು ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಮೊದಲು ನಾನು ಬುತ್ತಿ ಒಯ್ದ ಸ್ಟೀಲ್ ಡಬ್ಬಿಯ ವರ್ಣನೆ: ಗುಂಡಗಿದೆ, ಮುಚ್ಚಳ ಬಿಗಿ, ಮುಚ್ಚಳದ ಮೇಲೆ ಹೆಸರು ಕೊರೆಸಿದೆ. ಆಮೇಲೆ, ಹಾಳೆಯಲ್ಲಿ ಜಾಗ ಉಳಿದಿದ್ದರೆ, ನಾನು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ನಾನು ದಿನಕ್ಕೆ ಮೂರು ಸಲ ಕನ್ನಡಕ ಕಳೆದುಕೊಳ್ಳುವ ಆಸಾಮಿ. ಅವಳಾದರೋ ಮದುವೆಯಾಗಿ ಬಂದಾಗ ತಂದ ಚಮಚಗಳನ್ನೂ ಇಂದಿಗೂ ಎಣಿಸಿ ಒಪ್ಪಿಸಬಲ್ಲಳು. ನಮಗೂ ಪಕ್ಕದ ಮನೆಯ ಪಾರ್ವತಕ್ಕನಿಗೂ ನಡುವೆ ಹದಿನೈದು ವರ್ಷದಿಂದ ಡಬ್ಬಿಗಳು ಓಡಾಡುತ್ತಲೇ ಇವೆ. ಅವರು ಪತ್ರೊಡೆ ಕಳಿಸುತ್ತಾರೆ. ಖಾಲಿ ಡಬ್ಬಿ ಹಿಂದಿರುಗಿಸಬಾರದಲ್ಲ, ಇವಳು ಕೋಡುಬಳೆ ತುಂಬಿ ಕಳಿಸುತ್ತಾಳೆ. ಅವರಿಗೂ ಖಾಲಿ ಕಳಿಸಲು ಮನಸ್ಸಾಗದೆ ಚಕ್ಕುಲಿ ಬರುತ್ತದೆ. ಯಾವ ಡಬ್ಬಿ ಯಾರದೆಂದು ಗಂಡಸರಾದ ನಮಗೆ ಎಂದೋ ಮರೆತುಹೋಗಿದೆ. ಅವರಿಬ್ಬರಿಗೆ ಮಾತ್ರ ಮರೆತಿಲ್ಲ.

ಈ ಹಿನ್ನೆಲೆಯಲ್ಲಿ ನನ್ನ ಗೆಳೆಯ ಪೂರ್ಣೇಶನ ಯಂತ್ರದ ಬಗ್ಗೆ ಹೇಳಬೇಕು. ಮೂಡಿಗೆರೆಗೆ ಮೊಬೈಲು ಆಗಷ್ಟೇ ಬಂದಿದ್ದ ಕಾಲ. ಸಿಗ್ನಲ್ಲಿಗಾಗಿ ಜನ ದಿಬ್ಬ ಹುಡುಕಿಕೊಂಡು ಹೋಗುತ್ತಿದ್ದರು. ಅಂಥ ಹೊತ್ತಿನಲ್ಲಿ ಪೂರ್ಣೇಶ ತನ್ನ ಕಾಫಿ ತೋಟ ಅಳೆಯಲೆಂದು ಉಪಗ್ರಹ ನೋಡಿ ಜಾಗ ಹೇಳುವ ಜಿಪಿಎಸ್ ಯಂತ್ರವೊಂದನ್ನು ತರಿಸಿದ. ಅಳೆದಾಗ ತೋಟ ಅವನು ಹೇಳಿಕೊಂಡು ತಿರುಗುತ್ತಿದ್ದುದಕ್ಕಿಂತ ಒಂದೂವರೆ ಎಕರೆ ಕಡಿಮೆ ಬಂತು. ಅಲ್ಲಿಗೆ ಅಳತೆ ನಿಂತಿತು. ಯಂತ್ರಕ್ಕೆ ಬೇರೆ ಕೆಲಸ ಬೇಕಲ್ಲ? ಪ್ರಪಂಚದಲ್ಲಿ ಯಾರೋ ಪುಣ್ಯಾತ್ಮರು ಗುಡ್ಡ ಬೆಟ್ಟಗಳಲ್ಲಿ ಡಬ್ಬಿ ಬಚ್ಚಿಟ್ಟು ಅದರ ಜಾಗವನ್ನು ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರಂತೆ, ಉಳಿದವರು ಹುಡುಕಿ ಒಳಗಿನ ಪುಸ್ತಕದಲ್ಲಿ ರುಜು ಹಾಕಬೇಕಂತೆ, ಒಂದು ವಸ್ತು ತೆಗೆದರೆ ಇನ್ನೊಂದು ಇಡಬೇಕಂತೆ. ಇಷ್ಟನ್ನೂ ಅವನು ಯಾರಿಂದಲೋ ತಿಳಿದುಕೊಂಡು ನನ್ನ ಪೈಪು-ಫಿಟ್ಟಿಂಗ್ಸ್ ಅಂಗಡಿಗೆ ಓಡಿಬಂದ.

"ದೇವರಮನೆ ಗುಡ್ಡದಲ್ಲೇ ಒಂದು ಇದೆ ಮಾರಾಯ! ಭಾನುವಾರ ಹೊರಡು."

"ಕೊಯ್ಲಿನ ಟೈಮಲ್ಲಿ ತೋಟ ಬಿಟ್ಟು ಡಬ್ಬಿ ಹುಡುಕ್ತೀಯೇನೋ?"

"ಮೇಸ್ತ್ರಿ ನೋಡ್ಕೋತಾನೆ. ನಾನಿಲ್ದಿದ್ರೆ ಕೆಲಸ ಚೆನ್ನಾಗೇ ಆಗುತ್ತೆ."

ಇದು ನಿಜವಾದ್ದರಿಂದ ನಾನು ಒಪ್ಪಿದೆ.

ಭಾನುವಾರ ಬೆಳಿಗ್ಗೆ ವಿಶಾಲಾಕ್ಷಿ ಎಂಟು ಅಕ್ಕಿರೊಟ್ಟಿ, ಕಾಯಿಚಟ್ನಿ ಕಟ್ಟಿಕೊಟ್ಟಳು. ಉಳಿದ ಡಬ್ಬಿಗಳೆಲ್ಲ ಪಾರ್ವತಕ್ಕನ ಮನೆಯಲ್ಲಿದ್ದವು. ಹಾಗಾಗಿ ಅಟ್ಟದಿಂದ ಇಳಿದದ್ದು 'ಚಿ.ಸೌ. ವಿಶಾಲಾಕ್ಷಿಗೆ ದೊಡ್ಡಮ್ಮನಿಂದ' ಎಂದು ಕೊರೆಸಿದ್ದ ಮದುವೆಯ ಡಬ್ಬಿ.

"ನೋಡಿ, ಶುಕ್ರವಾರ ದೊಡ್ಡಮ್ಮ ಬರ್ತಾರೆ. ಬಂದವರು ಕಾಲು ತೊಳೆಯೋದಕ್ಕೆ ಮುಂಚೆ ಕೇಳೋದು ಈ ಡಬ್ಬಿನ. ನೆನಪಿರ್ಲಿ."

"ನಾವು ಹೋಗ್ತಿರೋದೇ ಡಬ್ಬಿ ಹುಡುಕೋಕೆ ಕಣೇ," ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಗುಡ್ಡದ ಮೇಲೆ ಕೊರೆಯುವ ಚಳಿ. ಮಂಜು ಎಷ್ಟಿತ್ತೆಂದರೆ ಜೀಪು ನಿಲ್ಲಿಸಿ ಹತ್ತು ಹೆಜ್ಜೆ ಹೋದ ಮೇಲೆ ಜೀಪನ್ನೇ ಹುಡುಕಬೇಕಾಯಿತು. ಪೂರ್ಣೇಶ ಯಂತ್ರವನ್ನು ಆರತಿ ತಟ್ಟೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಹುಲ್ಲಿನಲ್ಲಿ ನಡೆದ. "ನಲವತ್ತು ಮೀಟರು... ಹನ್ನೆರಡು... ಅಯ್ಯೋ, ಅರವತ್ತು!" ನಾವು ಒಂದೇ ಬಂಡೆಗೆ ಏಳೆಂಟು ಪ್ರದಕ್ಷಿಣೆ ಹಾಕಿದೆವು. ಮಂಜು ಸರಿದಾಗ ಹಸು ಮೇಯಿಸುತ್ತಿದ್ದ ಅಜ್ಜನೊಬ್ಬ ಕೋಲೂರಿಕೊಂಡು ನಮ್ಮನ್ನೇ ನೋಡುತ್ತ ನಿಂತಿದ್ದ.

"ಹಸು ತಪ್ಪಿಸ್ಕಂಡಿದ್ಯಾ ಗೌಡ್ರೆ?"

"ಇಲ್ಲ ಅಜ್ಜ, ಡಬ್ಬಿ ಹುಡುಕ್ತಿದೀವಿ," ಎಂದ ಪೂರ್ಣೇಶ.

"ನಿಮ್ದಾ?"

"ಅಲ್ಲ."

"ಯಾರ್ದು?"

"ಗೊತ್ತಿಲ್ಲ."

"ಸಿಕ್ರೆ ಮನೆಗೆ ತಗಂಡ್ ಹೋಗ್ತೀರಾ?"

"ಇಲ್ಲ, ಅಲ್ಲೇ ಇಟ್ಟು ಬರ್ತೀವಿ."

ಅಜ್ಜ ನಮ್ಮಿಬ್ಬರ ಮುಖವನ್ನೂ ಕನಿಕರದಿಂದ ನೋಡಿದ. ಆಮೇಲೆ ಸೊಂಟದ ಚೀಲದಿಂದ ಹಸಿರು ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದ. ಅದರ ತುಂಬ ಎಲೆ, ಅಡಿಕೆ, ಹೊಗೆಸೊಪ್ಪು. "ಇದಾ? ಆ ಕಲ್ಲಿನ ಸಂದೀಲಿತ್ತು. ಒಳಗಿನ್ ಸಾಮಾನು ನಂಗ್ಯಾಕೆ? ಅಲ್ಲೇ ಎಲೆ ಮುಚ್ಚಿ ಇಟ್ಟಿದೀನಿ. ಡಬ್ಬಿ ಗಟ್ಟಿ ಇತ್ತು, ತಗಂಡೆ. ಈಗ ಸುಣ್ಣ ಹತ್ತೋಗದೆ, ಬೇಕಾ?"

ನಿಧಿ ಬಿಟ್ಟು ಡಬ್ಬಿ ಒಯ್ದವನನ್ನು ನಾನು ಅದೇ ಮೊದಲು ನೋಡಿದ್ದು. ಅವನಿಗೂ ವಿಶಾಲಾಕ್ಷಿಗೂ ಚೆನ್ನಾಗಿ ಹೊಂದಾಣಿಕೆಯಾಗುತ್ತಿತ್ತು. ಬೇಡವೆಂದು ಹೇಳಿ ಕಲ್ಲಿನ ಸಂದಿ ನೋಡಿದೆವು. ಒಂದು ಪುಟ್ಟ ಪುಸ್ತಕ, ಪೆನ್ಸಿಲು, ಯಾವುದೋ ದೇಶದ ನಾಣ್ಯ, ಪ್ಲಾಸ್ಟಿಕ್ ಕಪ್ಪೆ, ಎಲ್ಲ ಅಚ್ಚುಕಟ್ಟಾಗಿ ಎಲೆಯ ಕೆಳಗಿದ್ದವು. ಆ ಖುಷಿಗೆ ಬಂಡೆಗೊರಗಿ ಕೂತು ಎಂಟೂ ರೊಟ್ಟಿ ಮುಗಿಸಿದೆವು. ಪೂರ್ಣೇಶ ಕೈ ಒರೆಸಿಕೊಂಡು ಖಾಲಿ ಡಬ್ಬಿಯನ್ನು ನೋಡಿದ. ನಾನು ಅವನನ್ನು ನೋಡಿದೆ.

"ಬೇಡ ಪೂರ್ಣೇಶ."

"ಇಬ್ಬನಿಗೆ ಪುಸ್ತಕ ಹಾಳಾಗುತ್ತೆ ಮಾರಾಯ. ಯಾವ್ಯಾವ ದೇಶದೋರೋ ಬರ್ತಾರೆ. ಎಲೆ ಮುಚ್ಚಿಟ್ಟಿದ್ದು ನೋಡಿದ್ರೆ ಮೂಡಿಗೆರೆ ಮರ್ಯಾದೆ ಏನಾಗ್ಬೇಕು?"

"ಮನೇಲಿ ನನ್ನ ಮರ್ಯಾದೆ?"

"ಅದು ಹೊಸದಾಗಿ ಹೋಗೋದೇನಿದೆ?"

ಅರ್ಧ ಗಂಟೆ ಜಗಳವಾಡಿದೆವು. ಕೊನೆಗೆ ಊರಿನ ಅಭಿಮಾನ ಎನ್ನುವ ಹಾಳು ಗುಣ ಗೆದ್ದಿತು. ದೊಡ್ಡಮ್ಮನ ಡಬ್ಬಿಯಲ್ಲಿ ಕಪ್ಪೆಯನ್ನು ಕೂರಿಸಿ, ಮುಚ್ಚಳ ಒತ್ತಿ, ಸಂದಿಗೆ ಸೇರಿಸಿ ಬಂದೆ. ದಾರಿಯುದ್ದಕ್ಕೂ ಮನೆಯಲ್ಲಿ ಹೇಳಬೇಕಾದ ಸುಳ್ಳನ್ನು ಬಾಯಿಪಾಠ ಮಾಡಿದೆ.

ಮನೆಯಲ್ಲಿ "ಡಬ್ಬಿ ಪೂರ್ಣೇಶನ ಜೀಪಲ್ಲೇ ಉಳೀತು" ಎಂದೆ. ಸೋಮವಾರವೂ ಅದನ್ನೇ ಹೇಳಿದೆ. ಬುಧವಾರ ಅವಳು ಪೇಟೆಯಲ್ಲಿ ಪೂರ್ಣೇಶನನ್ನೇ ಹಿಡಿದಳು. ಸುಳ್ಳು ಹೇಳಲು ಬಾರದ ಆ ಪ್ರಾಣಿ, "ಡಬ್ಬಿ ಕ್ಷೇಮವಾಗಿದೆ ಅತ್ತಿಗೆ, ಗುಡ್ಡದ ಮೇಲಿದೆ" ಎಂದುಬಿಟ್ಟ.

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. "ನಾಳೆ ಬೆಳಿಗ್ಗೆ ಜೀಪು ತರಕ್ಕೆ ಹೇಳಿ. ನಾನೂ ಬರ್ತೀನಿ" ಎಂದಷ್ಟೇ ಹೇಳಿ ದೀಪ ಆರಿಸಿದಳು.

ಗುರುವಾರ ಮತ್ತೆ ಅದೇ ಗುಡ್ಡ, ಅದೇ ಮಂಜು. ಪೂರ್ಣೇಶ ಯಂತ್ರ ತೆಗೆದ, ಒತ್ತಿದ, ತಟ್ಟಿದ, ಕುಲುಕಿದ. ಅದರ ಸೆಲ್ಲುಗಳನ್ನು ತೆಗೆದು ಟಾರ್ಚಿಗೆ ಹಾಕಿದ್ದು ಅವನಿಗೆ ಆಗ ನೆನಪಾಯಿತು. ಮಂಜಿನಲ್ಲಿ ಎಲ್ಲ ಬಂಡೆಗಳೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದವು. ನಾವು ಒಂದು ಗಂಟೆ ಸುತ್ತಿದೆವು. ನಾಳೆ ದೊಡ್ಡಮ್ಮ! ನನಗೆ ಅಳುವೇ ಬಂದಂತಾಯಿತು.

ವಿಶಾಲಾಕ್ಷಿ ಜೀಪಿನಿಂದ ಇಳಿದಳು. "ಅವತ್ತು ಎಲ್ಲಿ ಕೂತು ತಿಂದ್ರಿ?"

"ಗಾಳಿ ಬೀಸದ ಕಡೆ, ಬಂಡೆಗೆ ಒರಗಿಕೊಂಡು."

ಅವಳು ಸೆರಗು ಸಿಕ್ಕಿಸಿಕೊಂಡು ಗಾಳಿಗೆ ಬೆನ್ನು ಮಾಡಿ ನಡೆದು, ಮೂರನೆಯ ಬಂಡೆಯ ಹತ್ತಿರ ಬಗ್ಗಿ ಚಟ್ನಿ ಒರೆಸಿದ್ದ ಕಾಗದವೊಂದನ್ನು ಹೆಕ್ಕಿದಳು. "ತಿಂದ ಮೇಲೆ ನೀವು ಹತ್ತು ಹೆಜ್ಜೆ ನಡೆಯೋರಲ್ಲ," ಎಂದು ಪಕ್ಕದ ಸಂದಿಗೆ ಕೈ ಹಾಕಿ ಡಬ್ಬಿ ಹೊರತೆಗೆದಳು. ಐದು ನಿಮಿಷವೂ ಆಗಿರಲಿಲ್ಲ.

ಕಪ್ಪೆ ಮತ್ತು ಪರಿವಾರವನ್ನು ತಾನು ತಂದಿದ್ದ ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿಗೆ ವರ್ಗಾಯಿಸಿದಳು. "ಒಂದು ತಗಂಡ್ರೆ ಒಂದು ಇಡ್ಬೇಕಲ್ವಾ ಪೂರ್ಣೇಶಣ್ಣ?" ಎಂದು ಕೇಳಿ ವ್ಯಾನಿಟಿ ಬ್ಯಾಗಿನಿಂದ ಒಂದು ನೇರಳೆ ಬಣ್ಣದ ರವಿಕೆ ಕಣ ತೆಗೆದು ಮಡಿಸಿಟ್ಟಳು. ಆ ಕಣ ನನಗೆ ಗೊತ್ತು. ಅರಿಶಿನ ಕುಂಕುಮದ ಜೊತೆ ಹತ್ತಾರು ಮನೆ ಸುತ್ತಿ, ಯಾರೂ ಹೊಲಿಸದೆ, ಎರಡು ಸಲ ನಮ್ಮ ಮನೆಗೇ ವಾಪಸಾಗಿತ್ತು. ಕೊನೆಗೆ ಪುಸ್ತಕ ತೆರೆದು ರುಜು ಹಾಕಿದಳು. ಪೂರ್ಣೇಶ ಬಗ್ಗಿ ನೋಡಿ ತಲೆ ಚಚ್ಚಿಕೊಂಡ. ಭಾನುವಾರ ಜಗಳದ ಭರದಲ್ಲಿ ನಾವಿಬ್ಬರೂ ರುಜು ಹಾಕುವುದನ್ನೇ ಮರೆತಿದ್ದೆವು.

"ಈಗ ಹಾಕ್ಬಹುದಲ್ಲ?" ಎಂದೆ.

"ಹುಡುಕಿದ್ದು ಯಾರು?" ಎಂದು ಅವಳು ಪೆನ್ಸಿಲನ್ನು ಒಳಗಿಟ್ಟು ಮುಚ್ಚಳ ಹಾಕಿದಳು.

ದೊಡ್ಡಮ್ಮ ಬಂದರು, ಡಬ್ಬಿ ಕೇಳಿದರು, ಹೊಳೆಯುವ ಡಬ್ಬಿ ಕಂಡು ಹಿಗ್ಗಿದರು. ಬೇಸಿಗೆಯಲ್ಲಿ ಯಾರೋ ವಿದೇಶದವನು ದೇವರಮನೆಯ ಡಬ್ಬಿಯಲ್ಲಿ ಆ ಊರಿನ ಬಾವುಟ ಸಿಕ್ಕಿತೆಂದು ಇಂಟರ್‌ನೆಟ್ಟಿನಲ್ಲಿ ಸಂತೋಷದಿಂದ ಬರೆದಿದ್ದನ್ನು ಪೂರ್ಣೇಶ ತೋರಿಸಿದ. ನೇರಳೆ ಬಣ್ಣದ್ದಂತೆ.

ಈಗ ನಾನು ಪೂರ್ಣೇಶನ ಜೊತೆ ಹೊರಟರೆ ಅವಳು ಬುತ್ತಿ ಕಟ್ಟುವುದು ಬಾಳೆಎಲೆಯಲ್ಲಿ. "ಏನೂ ತರೋದು ಬೇಡ, ನೀವೊಬ್ರು ವಾಪಸ್ ಬಂದ್ರೆ ಸಾಕು" ಎನ್ನುತ್ತಾಳೆ. ಇಷ್ಟು ವರ್ಷಗಳ ಸಂಸಾರದಲ್ಲಿ ನನಗೆ ಮೊದಲ ಸ್ಥಾನ ಸಿಕ್ಕಿದ್ದು ಇದೇ ಮೊದಲು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಸ್ಪರ್ಧೆಯಲ್ಲಿ ನಾನೊಬ್ಬನೇ ಉಳಿದಿದ್ದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.