ಪೇವರ್ ಅಂಗಳದ ಮೇಲೆ ಕಣ್ಣು

"ಇನ್ಮೇಲೆ ನನ್ನ ಮನೆ ಮುಂದೆ ಒಂದು ಹುಲ್ಲುಕಡ್ಡಿ ಹುಟ್ಟಬೇಕಾದ್ರೂ ನನ್ನ ಪರ್ಮಿಷನ್ ತಗೋಬೇಕು!"

ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗೆ ಕೆಂಪು ಪೇವರ್ ಕಲ್ಲು ಹಾಸಿಸಿದ ದಿನ ಚಿಂತಾಮಣಿಯ ಚೆನ್ನರಾಯಪ್ಪ ಸೊಂಟದ ಮೇಲೆ ಕೈಯಿಟ್ಟು ಹೀಗೆ ಘೋಷಿಸಿದರು. ಹೆಂಡತಿ ನಾರಾಯಣಮ್ಮ ಒಳಗಿನಿಂದಲೇ, "ಹುಲ್ಲಿಗೆ ಕಿವಿ ಎಲ್ಲೈತೆ? ಕೈಕಾಲು ತೊಳ್ಕೊಂಡು ಒಳಗ್ ಬನ್ನಿ" ಎಂದರು.

ಪಕ್ಕದ ಮನೆಯ ಮುನಿಗಂಗಪ್ಪ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, ಬಹಳ ಹೊತ್ತು ನೋಡಿ, "ಬಾಗುಂದಪ್ಪಾ!" ಎಂದು ತೆಲುಗಿನಲ್ಲೇ ಮೆಚ್ಚಿದರು. ಅಷ್ಟೇ. ಆ ಒಂದು ಮಾತಿನಲ್ಲಿ ಚೆನ್ನರಾಯಪ್ಪನವರಿಗೆ ಒಂದು ಲಾರಿ ಲೋಡ್ ಹೊಟ್ಟೆಕಿಚ್ಚು ಕೇಳಿಸಿತು!

ಮಳೆ ಬಿತ್ತು. ಪೇವರ್ ಸಂದಿಗಳಲ್ಲಿ ಹಸಿರು ಇಣುಕಿತು. ಅದೂ ಮುನಿಗಂಗಪ್ಪನ ಕಾಂಪೌಂಡಿನ ಪಕ್ಕದಲ್ಲೇ!

"ಬೀಜ ಎರಚಿದ್ದಾನೆ ಕಣೇ!"

"ಅವರಿಗೆ ಬೇರೆ ಕೆಲ್ಸ ಇಲ್ವಾ?"

"ಎಲ್ಲೈತೆ? ರಿಟೈರ್ ಆಗಿದ್ದಾನಲ್ಲ!"

ತಾವೂ ರಿಟೈರ್ ಆದವರೇ ಎಂಬುದು ಅವರಿಗೆ ಹೊಳೆಯಲಿಲ್ಲ. ಅಂದಿನಿಂದ ಕಿಟಕಿ ಪರದೆಯ ಹಿಂದೆ ಪತ್ತೇದಾರಿಕೆ ಶುರುವಾಯಿತು. ಒಂದು ಬೆಳಗ್ಗೆ ಕಂಡದ್ದೇನು? ನಾರಾಯಣಮ್ಮ ಪೇಪರಿನಲ್ಲಿ ಸುತ್ತಿದ ಏನನ್ನೋ ಕಾಂಪೌಂಡಿನಾಚೆ ಚಾಚಿದರು. ಮುನಿಗಂಗಪ್ಪ ನಗುತ್ತಾ ಈಸಿಕೊಂಡರು! ಶತ್ರುವಿನ ಕೈ ಅಡುಗೆಮನೆಯವರೆಗೆ ಬಂದಿದೆ!

"ಅವನಿಗೇನ್ ಕೊಟ್ಟೆ?"

"ಏನೋ ಕೊಟ್ಟೆ. ಎಲ್ಲಾ ನಿಮಗೆ ವರದಿ ಒಪ್ಪಿಸ್ಬೇಕಾ?"

ಇನ್ನು ಯಾರನ್ನೂ ನಂಬುವಂತಿರಲಿಲ್ಲ. ಟವೆಲ್ಲಿನಲ್ಲಿ ಮುಖ ಮರೆಸಿಕೊಂಡು ಗೊಬ್ಬರದ ಅಂಗಡಿಗೆ ಹೋದರು.

"ಗಿಡಕ್ಕೆ ಹೊಡೆಯೋ ಔಷಧಿ ಕೊಡಪ್ಪ. ಸ್ಟ್ರಾಂಗ್ ಆಗಿರ್ಲಿ" ಎಂದು ಪಿಸುಗುಟ್ಟಿದರು.

"ಯಾವ ಬೆಳೆಗೆ ಸಾರ್?"

"ಅದನ್ನೆಲ್ಲ ಹೇಳೋಂಗಿಲ್ಲ!"

ಅಂಗಡಿಯವನು ತಲೆ ಕೆರೆದುಕೊಂಡು ಒಂದು ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ನಾರಾಯಣಮ್ಮ ಬಸ್ಸು ಹತ್ತಿ ಕೈವಾರಕ್ಕೆ ಹೋಗಿದ್ದ ಮಧ್ಯಾಹ್ನ, ಯಾರಾದರೂ ನೋಡಿಯಾರೆಂದು ಸುತ್ತಿದ ಕಾಗದವನ್ನೂ ಬಿಚ್ಚದೆ, ಮುಚ್ಚಳ ಮಾತ್ರ ತೆಗೆದು ನೀರಿಗೆ ಬೆರೆಸಿ, "ಸಾಯ್ರಿ!" ಎಂದು ಸಂದಿಸಂದಿಗೂ ಸಿಂಪಡಿಸಿದರು.

ಸಂಜೆ ಊಟಕ್ಕೆ ಬಿಸಿ ಮುದ್ದೆ, ಮಸ್ಸೊಪ್ಪು. ಗೆದ್ದ ಸಂಭ್ರಮಕ್ಕೆ ಎರಡನೇ ಮುದ್ದೆಯೂ ಇಳಿಯಿತು.

"ಆಹಾ! ಎಂಥಾ ಸೊಪ್ಪೇ ಇದು! ಎಲ್ ತಂದೆ, ಕೈವಾರದಲ್ಲಾ?"

"ಅಯ್ಯೋ, ನಮ್ಮ ಪೇವರ್ ಸಂದೀದೇ! ಅಣ್ಣೆಸೊಪ್ಪು. ಅಲ್ಲಿ ಕೂತು ಸೊಪ್ಪು ಸೋಸ್ತಿದ್ನಲ್ಲ, ಬೀಜ ಬಿದ್ದಿರ್ಬೇಕು. ಬಸ್ಸಿಳಿದು ಬಂದೋಳೇ ಕಿತ್ಕೊಂಡೆ. ಆವತ್ತು ಪಕ್ಕದ್ಮನೆಗೆ ಪೇಪರಲ್ಲಿ ಸುತ್ತಿ ಕೊಟ್ಟಿದ್ದೂ ಇದೇ. ನೀವು ಕಿತ್ತಾಕ್ತೀರ ಅಂತ ಬಾಯಿ ಬಿಟ್ಟಿರ್ಲಿಲ್ಲ."

ಚೆನ್ನರಾಯಪ್ಪ ಬಾಯಲ್ಲಿದ್ದ ತುತ್ತನ್ನು ತಟ್ಟೆಗೆ ಉಗಿದರು.

"ಲೇ... ಅದಕ್ಕೆ ನಾನು ವಿಷ ಹೊಡ್ದಿದ್ದೀನಿ ಕಣೇ!"

"ಅಯ್ಯೋ ನಿಮ್ಮ! ಈಗ ತಾನೇ ಮುನಿಗಂಗಪ್ಪಣ್ಣಂಗೂ ಒಂದು ಬಟ್ಟಲು ಸಾರು ಕೊಟ್ ಬಂದೆ!"

ಎಂಜಲುಗೈಯಲ್ಲೇ ಓಡಿದ ಚೆನ್ನರಾಯಪ್ಪ, ಬೀಜ ಎರಚಿದನೆಂದು ತಾವೇ ಶಪಿಸಿದ್ದ ಮನುಷ್ಯನ ಪ್ರಾಣ ಉಳಿಸಲು ಕಾಂಪೌಂಡ್ ಹತ್ತಿ ಕೂಗಿದರು: "ತಿನ್ಬೇಡಿ! ಸಾರು ತಿನ್ಬೇಡಿ!"

ಮುನಿಗಂಗಪ್ಪ ಬೆರಳು ನೆಕ್ಕುತ್ತಾ ಹೊರಬಂದರು. "ಆಗ್ಲೇ ಖಾಲಿ ಆಯ್ತಲ್ಲಪ್ಪಾ. ಸಾಲ್ದಾ ನಿಮಗೆ?"

ಮೂವರೂ ಬಾಟಲಿ ಸಮೇತ ಕಾರಿನಲ್ಲಿ ಆಸ್ಪತ್ರೆಗೆ ಹೊರಟರು. ಚೆನ್ನರಾಯಪ್ಪನವರಿಗೆ ದಾರಿಯುದ್ದಕ್ಕೂ ಕೈಕಾಲು ತಣ್ಣಗಾದಂತೆ, ನಾಲಿಗೆ ದಪ್ಪಗಾದಂತೆ! ಹಿಂದಿನ ಸೀಟಿನಲ್ಲಿದ್ದ ಮುನಿಗಂಗಪ್ಪನಿಗೆ ಎಲ್ಲಾ ಒಪ್ಪಿಸಿ, "ಅಣ್ಣಾ, ನಿನ್ನ ಮೇಲೆ ಅನುಮಾನ ಪಟ್ಟೆ, ಕ್ಷಮಿಸ್ಬಿಡು" ಎಂದು ಅತ್ತೇಬಿಟ್ಟರು.

"ಮುಂದೆ ನೋಡಿ ಓಡ್ಸಪ್ಪ. ವಿಷಕ್ಕಿಂತ ಮುಂಚೆ ನೀನೇ ಸಾಯಿಸ್ತೀಯ!"

ಡಾಕ್ಟರಮ್ಮ ಬಾಟಲಿಯ ಕಾಗದ ಬಿಚ್ಚಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ನಗತೊಡಗಿದರು.

"ಯಾರ್ ಹೇಳಿದ್ದು ಇದು ವಿಷ ಅಂತ? ಗಿಡ ಸೊಂಪಾಗಿ ಬೆಳೀಲಿ ಅಂತ ಹೊಡೆಯೋ ಟಾನಿಕ್ ಇದು! ಏನೂ ಆಗಲ್ಲ, ನೀರು ಕುಡಿದು ಮನೆಗೆ ಹೋಗಿ."

ಮನೆಗೇನೋ ಹೋದರು. ಆದರೆ ವಾರ ಕಳೆಯುವುದರೊಳಗೆ ಅಣ್ಣೆಸೊಪ್ಪು ಪೇವರನ್ನೇ ಮುಚ್ಚಿ ನಿಂತಿತು. ಸೊಪ್ಪು ತುಳಿಯಬಾರದೆಂದು ಕಾರು ಬೀದಿಗೆ ಬಿತ್ತು. ಬೀದಿಯ ಹೆಂಗಸರು ಮೊರ ಹಿಡಿದು ಗೇಟಿಗೆ ಬಂದರು. ಅವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಿದ್ದ ಚೆನ್ನರಾಯಪ್ಪನವರನ್ನು ನಾರಾಯಣಮ್ಮ ಕೂಗಿದರು:

"ಏನ್ರೀ! ಆ ವಿಷ ಇನ್ನೊಂದ್ ಬಾಟಲಿ ತಂದ್ ಹೊಡೀರಿ. ಭಾನುವಾರ ನಮ್ಮಕ್ಕನ ಮನೆಯೋರೆಲ್ಲ ಊಟಕ್ಕೆ ಬರ್ತಾವ್ರಂತೆ!"