ಸಾಲ ಅಲ್ಲಿ, ಖಾತೆ ಇಲ್ಲಿ

ಗೌರಾಬಾಯಿ: ಇನ್ನೊಮ್ಮೆ ಹೇಳತೇನಿ, ಎದ್ದು ನಡೀರಿ. ಮನಿ ಸಾಲ ತಗೊಂಡು ಎರಡು ತಿಂಗಳು ಆಗಿಲ್ಲ. ಅಂಗಡಿಯ ಚಾಲ್ತಿ ಖಾತೆ ಇಲ್ಲಿಗೆ ತಂದ್ರ ಆ ಬ್ಯಾಂಕಿನವರು ಪೂರಾ ಸಾಲ ವಾಪಸ್ ಕೇಳತಾರ. ಕಾಗದದಾಗ ಹಂಗ ಅದ.

ಮಲಕಪ್ಪ: ಕಾಗದದಾಗ ಏನೇನೋ ಇರತದ. ನಮ್ಮ ಲಗ್ನಪತ್ರಿಕಿಯಾಗ ನನಗ ಸದ್ಗುಣಿ ಅಂತ ಬರದಿದ್ರು.

ಗೌರಾಬಾಯಿ: ಹೌದ್ರಿ, ಅದನ್ನ ಓದೇ ಮೋಸ ಹೋದೆ.

ಈ ಮಾತುಕತೆ ನಡೆದದ್ದು ಮರಾಠಿ ಸೀಮೆಯ ನಿಗಡಿಯ ಹೊಸ ಖಾಸಗಿ ಬ್ಯಾಂಕಿನ ಸೋಫಾದ ಮೇಲೆ, ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ. ಹೊರಗೆ ಬಿಸಿಲು ಸುಡುತ್ತಿತ್ತು. ಒಳಗೆ ಏಸಿಯ ಚಳಿಗೆ ಗೌರಾಬಾಯಿ ಸೆರಗು ಹೊದ್ದು ಕೂತಿದ್ದಳು. ಗಂಡನಿಗೆ ಸ್ಟೀಲ್ ಪಾತ್ರೆಗಳ ಅಂಗಡಿ. ಲಗ್ನವಾದಾಗಿನಿಂದ ಬಾಡಿಗೆ ಮನೆಗಳಲ್ಲಿ ಎರಡು ಸಂಸಾರಗಳ ನಡುವಿನ ಒಂದೇ ನಲ್ಲಿಗೆ ಕಾದು ಕಾದು, ಆಕೆಗೆ ಈಗಷ್ಟೇ ಸ್ವಂತದ್ದೊಂದು ಅಡಿಗೆಮನೆ ಸಿಕ್ಕಿತ್ತು. ಪೇಟೆಯ ಹಳೆಯ ಸಹಕಾರಿ ಬ್ಯಾಂಕು ಸಾಲ ಕೊಟ್ಟದ್ದೇ, ಅಂಗಡಿಯ ವ್ಯವಹಾರವೆಲ್ಲ ತನ್ನಲ್ಲಿಯೇ ನಡೆಯಬೇಕು ಎಂಬ ಷರತ್ತಿನ ಮೇಲೆ. ಆ ಅಡಿಗೆಮನೆಯನ್ನು ಈ ಮನುಷ್ಯ ತಣ್ಣನೆಯ ಗಾಳಿಗೆ ಮಾರಲು ಹೊರಟಿದ್ದಾನಲ್ಲ ಎಂದು ಆಕೆಗೆ ಸಿಟ್ಟು.

ಮಲಕಪ್ಪ: ಆ ಮ್ಯಾನೇಜರ್ ರಾಮಲಿಂಗಪ್ಪ ವಾಸ್ತುಶಾಂತಿಗೆ ಬಂದು ಏನಂದ, ನೀನೂ ಕೇಳಿದಿ. ಬೀಗರ ಎದುರಿಗೆ ಗ್ವಾಡಿ ತಟ್ಟಿ, ‘ನಮ್ಮ ಬ್ಯಾಂಕಿನ ಮನಿ ಛಲೋ ಬಂದದ’ ಅಂದ.

ಗೌರಾಬಾಯಿ: ಅದರಾಗ ಸುಳ್ಳೇನದ? ಸದ್ಯಕ್ಕ ನಮ್ಮದು ಅನ್ನೂದು ಬಾಗಲಕ್ಕ ಕಟ್ಟಿದ ತೋರಣ ಒಂದ.

ಮಲಕಪ್ಪ: ಅಂದದ್ದಲ್ಲದ ಮ್ಯಾಲೆ ಆರು ಹೋಳಿಗಿ ತಿಂದ.

ಗೌರಾಬಾಯಿ: ಬಡ್ಡಿ ಅಂತ ತಿಳೀರಿ.

ಮಲಕಪ್ಪ: ನಿನಗ ಮಾನ ಮರ್ಯಾದಿ ಏನೂ ಇಲ್ಲ.

ಗೌರಾಬಾಯಿ: ಅದ ರೀ. ಇಡಲಿಕ್ಕೆ ಒಂದು ಮನಿ ಬೇಕಲ್ಲ, ಅದಕ್ಕ ಬಡಕೊಳ್ಳಾಕತ್ತೇನಿ.

ಅಷ್ಟರಲ್ಲಿ ಬ್ಯಾಂಕಿನ ಹುಡುಗಿ ಪೂರ್ವಾ ಅರ್ಜಿ ಹಿಡಿದು ನಗುತ್ತ ಬಂದಳು. ಬೆಳಗಾವಿಯ ಕಡೆಯವಳು, ಕನ್ನಡ ಮಾತಾಡುವ ಗಿರಾಕಿ ಸಿಕ್ಕರೆ ನೀರಿನ ಗ್ಲಾಸನ್ನು ತಾನೇ ತಂದುಕೊಡುವವಳು. ಹಳೆಯ ಬ್ಯಾಂಕಿನಲ್ಲಿ ‘ಉದ್ಯಾ ಯಾ’ ಎಂದು ನಾಳೆಗೆ ಅಟ್ಟಿಸಿಕೊಂಡೇ ರೂಢಿಯಾಗಿದ್ದ ಮಲಕಪ್ಪ ಆ ಒಂದು ಗ್ಲಾಸಿಗೇ ಕರಗಿಹೋಗಿದ್ದ.

ಪೂರ್ವಾ: ಕಾಕಾ, ಎಲ್ಲಾ ಬರೋಬ್ಬರಿ ಅದ. ಇನ್ನೊಂದು ಸಹಿ ಬೇಕು. ನಮ್ಮಲ್ಲಿ ಖಾತೆ ಇದ್ದವರು ಯಾರಾದ್ರೂ ‘ಇವರು ನನಗ ಗೊತ್ತು’ ಅಂತ ಬರದುಕೊಡಬೇಕು.

ಮಲಕಪ್ಪ: ಇವಳಿಗೆ ನಾ ಗೊತ್ತು.

ಗೌರಾಬಾಯಿ: ನನಗ ಗೊತ್ತಿದ್ದದ್ದು ಬರದ್ರ ನಿಮಗ ಯಾವ ಬ್ಯಾಂಕಿನಾಗೂ ಖಾತೆ ಸಿಗೂದಿಲ್ಲ.

ಪೂರ್ವಾ ಬಾಯಿಗೆ ಕೈ ಅಡ್ಡ ಹಿಡಿದಳು. ಆಗಲೇ ಒಳಗಿನ ಕ್ಯಾಬಿನ್ನಿನ ಗಾಜಿನ ಬಾಗಿಲು ತೆರೆಯಿತು. ಹೊಸ ಚೆಕ್ ಪುಸ್ತಕವನ್ನು ಜೇಬಿಗೆ ತುರುಕುತ್ತ ಹೊರಬಂದವನು ಬೇರೆ ಯಾರೂ ಅಲ್ಲ, ಸಹಕಾರಿ ಬ್ಯಾಂಕಿನ ಮ್ಯಾನೇಜರ್ ರಾಮಲಿಂಗಪ್ಪ. ಮೂವರೂ ಒಬ್ಬರನ್ನೊಬ್ಬರು ನೋಡಿದರು. ಯಾರಿಗೂ ನಗು ಬರಲಿಲ್ಲ.

ರಾಮಲಿಂಗಪ್ಪ: ಏನ್ ಮಲಕಪ್ಪನವರ, ನೀವಿಲ್ಲಿ?

ಮಲಕಪ್ಪ: ಬಿಸಿಲು ಭಾಳ ಆತು ಅಂತ ನೀರು ಕುಡೀಲಿಕ್ಕೆ ಬಂದಿದ್ವಿ.

ರಾಮಲಿಂಗಪ್ಪ: ನಾನೂ ಅಷ್ಟ.

ಪೂರ್ವಾ: ಛಲೋ ಆತು ಕಾಕಾ, ಸಾಹೇಬ್ರ ಸಹಿ ನಡೀತದ. ನಮ್ಮ ಶಾಖೆ ತೆಗೆದ ದಿವಸದ ಗಿರಾಕಿ ಇವರು. ಇವರ ಮನಿಯವರದು, ಮಗಂದು ಸುದ್ಧಾ ಖಾತೆ ಇಲ್ಲೇ ಅದ.

ಮಲಕಪ್ಪ ಗಾಬರಿಯಿಂದ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ.

ಮಲಕಪ್ಪ: ಗೌರಾ, ಏಳು, ಹೋಗೂಣು. ಕಣ್ಣಾರೆ ನೋಡಿಬಿಟ್ಟ. ನಾಳೆನೇ ಸಾಲ ವಾಪಸ್ ಕೇಳತಾನ.

ಇಷ್ಟು ಹೊತ್ತು ಏಳಿ ಏಳಿ ಎನ್ನುತ್ತಿದ್ದ ಗೌರಾಬಾಯಿ ಈಗ ಸೋಫಾದಲ್ಲಿ ಗಟ್ಟಿಯಾಗಿ ಕೂತಳು. ಈ ಅರ್ಜಿಯ ಮೇಲೆ ತಾನೇ ಸಹಿ ಮಾಡಿದವನು ನಾಳೆ ಯಾವ ಬಾಯಿಂದ ಷರತ್ತು ಮುರಿದಿರಿ ಎಂದಾನು? ಮನೆ ಉಳಿಯುವ ದಾರಿ ಆಕೆಗೆ ಸ್ಪಷ್ಟವಾಗಿ ಕಂಡಿತು. ಗಂಡನಿಗೆ ಇದು ತಿಳಿಯಬೇಕಾದರೆ ಸಂಜೆಯಾದೀತು ಎಂದುಕೊಂಡಳು.

ಗೌರಾಬಾಯಿ: ಸುಮ್ಮನ ಕೂಡ್ರಿ. ಪೂರ್ವಾ, ಪೆನ್ನು ಸಾಹೇಬ್ರ ಕೈಯಾಗ ಕೊಡವಾ.

ರಾಮಲಿಂಗಪ್ಪ: ಅದು ಹೆಂಗ ಆಗತದ ವೈನಿ? ಕರಾರಿನ ಪ್ರಕಾರ ನಿಮ್ಮ ವ್ಯವಹಾರ ನಮ್ಮಲ್ಲೇ ಇರಬೇಕು.

ಗೌರಾಬಾಯಿ: ಬ್ಯಾಡಾದ್ರ ಬಿಡ್ರಿ. ನಾಳೆ ನಿಮ್ಮ ಬ್ಯಾಂಕಿಗೆ ಬಂದು, ಪಾಳಿ ಹಚ್ಚಿದ ಮಂದೀಗೆ ಒಂದ ಮಾತು ಕೇಳತೇನಿ. ಮ್ಯಾನೇಜರ್ ಸಾಹೇಬ್ರು ತಮ್ಮ ಸ್ವಂತ ರೊಕ್ಕ ಎಲ್ಲಿ ಇಡತಾರ ಗೊತ್ತದೇನ್ರಿ ಅಂತ.

ರಾಮಲಿಂಗಪ್ಪ: ಸಾವಕಾಶ ಮಾತಾಡ್ರಿ, ವೈನಿ.

ಗೌರಾಬಾಯಿ: ಈಗ ಸಾವಕಾಶನೇ ಮಾತಾಡಾಕತ್ತೇನಿ. ನಾಳೆ ಜೋರಾಗಿ ಮಾತಾಡತೇನಿ.

ರಾಮಲಿಂಗಪ್ಪ ಸಹಿ ಮಾಡಿದ. ಖಾತೆಯಲ್ಲಿದ್ದ ಸಹಿಗೆ ಅದು ಸರಿಯಾಗಿ ಹೊಂದಲಿಲ್ಲವೆಂದು ಪೂರ್ವಾ ಇನ್ನೊಮ್ಮೆ ಮಾಡಿಸಿದಳು. ಮಲಕಪ್ಪ ಹೆಂಡತಿಯ ಮುಖವನ್ನೂ ಅರ್ಜಿಯನ್ನೂ ಬದಲಿಸಿ ಬದಲಿಸಿ ನೋಡಿದ. ಬ್ಯಾಂಕು ಬದಲಿಸುವ ವಿಚಾರ ತನ್ನದೋ ಆಕೆಯದೋ ಅವನಿಗೇ ಈಗ ಅನುಮಾನ. ಮ್ಯಾನೇಜರ್ ಪೆನ್ನು ಕೆಳಗಿಟ್ಟ.

ರಾಮಲಿಂಗಪ್ಪ: ಅಂದ್ರ ನಿಮಗ ನಮ್ಮ ಬ್ಯಾಂಕಿನ ಮ್ಯಾಲೆ ಭರೋಸಾನೇ ಇಲ್ಲ ಅನ್ರಿ.

ಗೌರಾಬಾಯಿ: ಹಂಗ್ಯಾಕ ಅಂತೀರಿ ಸಾಹೇಬ್ರ, ಪೂರಾ ಭರೋಸಾ ಅದ. ಅದಕ್ಕ ನಮ್ಮ ಸಾಲ ಅಷ್ಟೂ ನಿಮ್ಮಲ್ಲೇ ಇಡತೇವಿ.