ಟೇಪು ಸಂರಕ್ಷಣಾ ಸಮಿತಿಯ ಮೊದಲ ವರ್ಷ

ಫಿನ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿರುವ ನಮ್ಮ ಮೀನು ಸಂಶೋಧನಾ ಸಂಸ್ಥೆಯಲ್ಲಿ ಟೇಪು ಸಂರಕ್ಷಣಾ ಸಮಿತಿಯು ೧೯೮೬ರ ಮಾರ್ಚ್ ಮೂರನೇ ತಾರೀಖು ಅಸ್ತಿತ್ವಕ್ಕೆ ಬಂದಿತು. ಅಂದಿನಿಂದ ಒಂದೇ ಒಂದು ಟೇಪೂ ಹಾಳಾಗಿಲ್ಲ. ಸಮಿತಿಯ ಕಾರ್ಯದರ್ಶಿಯಾಗಿ ಇದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಸಂಸ್ಥೆಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರು. ಅದು ನೆಲಮಾಳಿಗೆಯಲ್ಲಿತ್ತು. ಮೂವತ್ತೆಂಟು ಜನ ತಮ್ಮ ತಮ್ಮ ಕೋಣೆಯ ಪರದೆಗಳಿಂದ ಅದರಲ್ಲೇ ಕೆಲಸ ಮಾಡುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದವಳು ಟೂಲಿಕ್ಕಿ. ಪ್ರತಿ ಶುಕ್ರವಾರ ಮಧ್ಯಾಹ್ನ ಎಲ್ಲರ ಕಡತಗಳನ್ನೂ ಟೇಪಿಗೆ ನಕಲು ಮಾಡಿಡುವುದು ಅವಳ ಕೆಲಸ. ಫೆಬ್ರವರಿಯ ಒಂದು ಶುಕ್ರವಾರ ಅವಳು ತಪ್ಪಿ ಹಳೆಯ ಟೇಪೊಂದರ ಮೇಲೆಯೇ ಹೊಸದನ್ನು ಬರೆದುಬಿಟ್ಟಳು. ಅದರಲ್ಲಿದ್ದ ನಿರ್ದೇಶಕ ಡಾ. ಸಾರ್ಕೋಲಾ ಅವರ ಕ್ರಿಸ್‌ಮಸ್ ಭಾಷಣ ಅಳಿಸಿಹೋಯಿತು. ಭಾಷಣವನ್ನು ಕೇಳಿದ್ದವರು ಯಾರೂ ದುಃಖಪಡಲಿಲ್ಲ. ಆದರೂ ಸಮಿತಿ ರಚನೆಯಾಯಿತು, ಡಾ. ಸಾರ್ಕೋಲಾ ಅವರೇ ಅಧ್ಯಕ್ಷರಾದರು.

ಸಮಿತಿ ಮೊದಲು ಹಳೆಯ ಟೇಪುಗಳನ್ನು ಪರಿಶೀಲಿಸಿತು. ಅವು ಬಳಕೆಯಿಂದ ಸವೆದಿದ್ದವು. ಸವೆದ ಟೇಪು ಅಪಾಯಕಾರಿ ಎಂದು ತೀರ್ಮಾನಿಸಿ, ಎಲ್ಲವನ್ನೂ ಸುಟ್ಟು, ಹೊಸ ಟೇಪುಗಳನ್ನು ತರಿಸಲಾಯಿತು.

ಟೇಪಿನ ಸುರುಳಿಯ ಹಿಂದೆ ಬಳೆಯಂಥ ಒಂದು ಪ್ಲಾಸ್ಟಿಕ್ ಉಂಗುರವಿರುತ್ತದೆ. ಅದಿದ್ದರೆ ಯಂತ್ರ ಟೇಪಿನ ಮೇಲೆ ಬರೆಯುತ್ತದೆ. ತೆಗೆದರೆ ಓದಬಲ್ಲದು, ಬರೆಯಲಾರದು. ಸಮಿತಿಯು ಹೊಸ ಟೇಪುಗಳ ಉಂಗುರಗಳನ್ನೆಲ್ಲ ಬಿಚ್ಚಿಸಿ ಅಧ್ಯಕ್ಷರ ಮೇಜಿನ ಖಾನೆಗೆ ಹಾಕಿ ಬೀಗ ಜಡಿಯಿತು.

ಟೂಲಿಕ್ಕಿ ಸಭೆಗೇ ಬಂದಳು. "ಡಾಕ್ಟ್ರೇ, ಉಂಗುರ ಇಲ್ದಿದ್ರೆ ಟೇಪಿನ ಮೇಲೆ ಏನೂ ಬರೆಯೋಕಾಗಲ್ಲ."

"ಆಗಬಾರದು ಅಂತಲೇ ಅಲ್ವೇನಮ್ಮಾ ತೆಗೆಸಿದ್ದು?"

"ಮತ್ತೆ ನಕಲು ಹೇಗೆ ಮಾಡ್ಲಿ?"

"ಎಂದಿನ ಹಾಗೇ ಮಾಡು. ಉಂಗುರ ಬೇಕಾದ್ರೆ ಅರ್ಜಿ ಹಾಕು."

ಅವಳು ಅರ್ಜಿ ಹಾಕಿದಳು. ಮೂವತ್ತೆಂಟು ಜನರ ಯಾವ ಯಾವ ಕಡತ ಆ ವಾರ ಬದಲಾಗಲಿದೆ ಎಂದು ಮುಂಚಿತವಾಗಿ ತಿಳಿಸಬೇಕೆಂದು ಸಮಿತಿ ಅದನ್ನು ಹಿಂದಿರುಗಿಸಿತು. ಹೀಗೆ ಹದಿನೇಳು ಅರ್ಜಿಗಳು ಹೋಗಿ ಬಂದವು.

ಈ ನಡುವೆ ಶುಕ್ರವಾರಗಳು ನಿಲ್ಲಲಿಲ್ಲ. ಅವಳು ಟೇಪು ಏರಿಸುವಳು, "ಬರೆಯಲಾಗದು" ಎಂದು ಯಂತ್ರ ಕಾಗದ ಮುದ್ರಿಸುವುದು, ಅವಳು ಟೇಪು ಇಳಿಸುವಳು. ವಾರದ ನಮೂನೆಯಲ್ಲಿ ಎರಡೇ ಪ್ರಶ್ನೆಗಳಿದ್ದವು: ಟೇಪು ಏರಿಸಲಾಯಿತೇ? ಟೇಪು ಹಾನಿಯಾಗದೆ ಉಳಿಯಿತೇ? ಎರಡಕ್ಕೂ ಹೌದು ಎಂದೇ ಬರೆಯಬೇಕಿತ್ತು, ಏಕೆಂದರೆ ಅದು ನಿಜ. ಕೆಳಗಿನ ಅಂಚಿನಲ್ಲಿ ಅವಳು "ಟೇಪು ಖಾಲಿ ಇದೆ" ಎಂದು ಕೆಂಪು ಶಾಯಿಯಲ್ಲಿ ಸೇರಿಸುತ್ತಿದ್ದಳು. ಕಡತದಲ್ಲಿ ಹಾಳೆಗಳೆಲ್ಲ ಒಂದೇ ಅಳತೆಗೆ ಇರಲೆಂದು ಅಂಚನ್ನು ಕತ್ತರಿಸಿ ಹಾಕುವ ಹೊಣೆ ನನ್ನದಾಯಿತು. ನಾನು ನೇರವಾಗಿ ಕತ್ತರಿಸುತ್ತೇನೆ.

ನವೆಂಬರಿನ ಒಂದು ಮಂಗಳವಾರ, ಕಾಫಿ ಹೊತ್ತಿಗೆ, ಎಲ್ಲರ ಕಡತಗಳಿದ್ದ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ಮೂವತ್ತೆಂಟು ಪರದೆಗಳೂ ಕಪ್ಪಾದವು. ಮೊದಲು ನೆಲಮಾಳಿಗೆಗೆ ಓಡಿ ಬಂದವಳು ಕೆರ್ತು ಹಿಲ್ಟುನೆನ್. ಹನ್ನೊಂದು ವರ್ಷ ಪ್ರತಿ ವಸಂತದಲ್ಲೂ ದೋಣಿಯಲ್ಲಿ ಹೋಗಿ ಹೆರಿಂಗ್ ಮೀನುಗಳ ಉದ್ದ, ತೂಕ, ವಯಸ್ಸು ಅಳೆದವಳು. ಒಟ್ಟು ಎಂಬತ್ತು ಸಾವಿರ ಮೀನು. ಮೀನು ಸಣ್ಣದಾಗುತ್ತ ಬರುತ್ತಿದೆ, ಕೊಲ್ಲಿಯ ನೀರು ಕೆಡುತ್ತಿದೆ ಎಂದು ತೋರಿಸಲು ಅವಳ ಬಳಿ ಇದ್ದದ್ದು ಕಂಪ್ಯೂಟರಿನಲ್ಲಿದ್ದ ಆ ಅಳತೆಗಳಷ್ಟೇ.

"ನನ್ನದನ್ನ ಟೇಪಿಂದ ವಾಪಸ್ ಹಾಕ್ಕೊಡೇ ಮಾರಾಯ್ತಿ" ಎಂದಳು.

ಟೂಲಿಕ್ಕಿ ಅವಳ ಮುಖ ನೋಡಲಿಲ್ಲ. "ಟೇಪಲ್ಲಿ ಏನೂ ಇಲ್ಲ ಕಣೇ."

"ಯಾವ ಟೇಪಲ್ಲಿ?"

"ಯಾವುದರಲ್ಲೂ."

ಕೆರ್ತು ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಳಲಿಲ್ಲ. ಕೈಗವಸು ಹಾಕಿಕೊಂಡಳು, ಬಿಚ್ಚಿದಳು, ಮತ್ತೆ ಹಾಕಿಕೊಂಡಳು. ಟೂಲಿಕ್ಕಿ ಪಕ್ಕದಲ್ಲಿ ಕೂತು, "ಬಯ್ಯೇ ನನ್ನ, ಸುಮ್ನೆ ಇರಬೇಡ" ಎಂದಳು.

ಮರುದಿನ ತುರ್ತು ಸಭೆ ನಡೆಯಿತು. ಅಧ್ಯಕ್ಷರು ಟೇಪುಗಳನ್ನು ತರಿಸಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಒಂದರ ಮೇಲೂ ಗೀರು ಇರಲಿಲ್ಲ.

"ನೋಡಿ, ಕೆಟ್ಟಿದ್ದು ಡಿಸ್ಕು. ಡಿಸ್ಕು ನಮ್ಮ ಸಮಿತಿ ವ್ಯಾಪ್ತಿಗೆ ಬರೋದಿಲ್ಲ" ಎಂದರು.

"ಹನ್ನೊಂದು ವರ್ಷದ ಕೆಲಸ, ಡಾಕ್ಟ್ರೇ" ಎಂದಳು ಕೆರ್ತು.

"ಗೊತ್ತಮ್ಮಾ, ನನಗೂ ಭಾಷಣ ಹೋದಾಗ ಹೀಗೇ ಆಗಿತ್ತು. ನಮೂನೆ ತುಂಬಿಕೊಡು."

ನಷ್ಟದ ನಮೂನೆಯಲ್ಲಿ "ಮೂಲ ವಸ್ತು ಲಭ್ಯವಿದೆಯೇ?" ಎಂಬ ಪ್ರಶ್ನೆಯಿತ್ತು. ಕೆರ್ತು "ತಿಂದಾಗಿದೆ" ಎಂದು ಬರೆದಳು. ಉತ್ತರ ಅಪೂರ್ಣವೆಂದೂ ತಿಂದವರ ಹೆಸರು ನಮೂದಿಸಬೇಕೆಂದೂ ನಮೂನೆ ಹಿಂದಿರುಗಿತು. ಅವಳು "ಫಿನ್ಲೆಂಡ್" ಎಂದು ಬರೆದಳು. ಸಮಿತಿಗೆ ಅದು ತೃಪ್ತಿಕರವೆನಿಸಿತು. ಅದೇ ಮೀನುಗಳನ್ನು ಮತ್ತೊಮ್ಮೆ ಅಳೆಯುವುದು ಕಷ್ಟವಾದಲ್ಲಿ ಅಷ್ಟೇ ಸಂಖ್ಯೆಯ ಬೇರೆ ಮೀನುಗಳನ್ನು ಅಳೆಯಲು ಅನುಮತಿ ನೀಡಲಾಯಿತು.

ಹೊಸ ಡಿಸ್ಕ್ ಬಂತು. ಅದರಲ್ಲಿ ಜಾಗ ಬೇಕೆಂದವರು "ನಕಲು ವ್ಯವಸ್ಥೆಯ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ" ಎಂಬ ಪತ್ರಕ್ಕೆ ಸಹಿ ಹಾಕಬೇಕಿತ್ತು. ಮೂವತ್ತೇಳು ಜನ ಒಂದೇ ಬೆಳಿಗ್ಗೆ ಹಾಕಿದರು. ಟೂಲಿಕ್ಕಿಯೂ ಹಾಕಿದಳು, ಹಾಕದಿದ್ದರೆ ಯಂತ್ರದ ಕೋಣೆಯ ಬೀಗದ ಕೈ ಸಿಗುತ್ತಿರಲಿಲ್ಲ. ಕೆರ್ತು ಚಳಿಗಾಲವಿಡೀ ಹಾಕಲಿಲ್ಲ. ಊಟದ ಮನೆಯಲ್ಲಿ ಅವಳ ಜೊತೆ ಕೂರುವವರು ಕಡಿಮೆಯಾದರು. ಮೇ ತಿಂಗಳಲ್ಲಿ ಮಂಜುಗಡ್ಡೆ ಒಡೆದು ದೋಣಿಗಳು ಹೊರಟವು. ಮೊದಲ ಬುಟ್ಟಿ ಹೆರಿಂಗ್ ಬಂದ ದಿನ ಅವಳು ನನ್ನ ಮೇಜಿನ ಬಳಿ ಬಂದು ನಿಂತಳು. ಕೈಯೆಲ್ಲ ಮೀನಿನ ಹುರುಪೆ.

"ಎಲ್ಲಿ ಹಾಕ್ಬೇಕು ಸಹಿ?"

ತೋರಿಸಿದೆ. ಹಾಕಿದಳು. ಪತ್ರ ಸ್ವಲ್ಪ ನಾರುತ್ತಿತ್ತು, ಆದರೆ ಕ್ರಮಬದ್ಧವಾಗಿತ್ತು.

ಆಮೇಲೆ ಈವರೆಗೆ ಯಾರೂ ಯಾವ ಕಡತವನ್ನೂ ಟೇಪಿನಿಂದ ಮರಳಿ ಕೇಳಿಲ್ಲ. ವ್ಯವಸ್ಥೆಯ ಮೇಲೆ ಸಿಬ್ಬಂದಿಗೆ ಇರುವ ಸಂಪೂರ್ಣ ವಿಶ್ವಾಸಕ್ಕೆ ಇದೇ ಸಾಕ್ಷಿಯೆಂದು ಸಮಿತಿ ತನ್ನ ವಾರ್ಷಿಕ ವರದಿಯಲ್ಲಿ ದಾಖಲಿಸಿದೆ. ವರದಿಯನ್ನು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಕೆರ್ತುವೂ ತಟ್ಟಿದಳು.